ನೋಡಿ ಕಲಿತವಳು

ಪಾರ್ವತಿನಗರ, ಬಳ್ಳಾರಿ
17 ಜೂನ್ 2024

ಚಿ. ಮೀನಾಕ್ಷಿಗೆ,

ನಿನ್ನೆ ಭಾನುವಾರ ಎರಡು ತಾಸು ನಿನ್ನ ಮುಂದೆ ನಿಂತು, ಒಂದು ಮಾತೂ ಆಡದೆ ಮನೆಗೆ ಬಂದೆ. ನನ್ನ ಹೆಂಡತಿ ಜ್ಯೋತಿಲಕ್ಷ್ಮಿ, "ಆ ಹುಡುಗಿ ಮುಂದ ಮೂಗ ಆಗ್ತೀರಿ, ಮನಿಗೆ ಬಂದು ನನ್ನ ಕಿವಿ ತೂತು ಮಾಡ್ತೀರಿ" ಎಂದಳು. ಅದಕ್ಕೇ ಈ ಕಾಗದ. ಗಾಲ್ಫ್ ಮೈದಾನದಲ್ಲಿ ನುಂಗಿದ ಮಾತು ಎಲ್ಲಾದರೂ ಹೊರಗೆ ಬರಬೇಕಲ್ಲ. ನಿಮ್ಮ ಸಿರುಗುಪ್ಪದ ಹಾಸ್ಟೆಲಿನ ವಾರ್ಡನ್ ಫೋನುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಂತೆ. ಅಂಚೆಯವನನ್ನು ಪೆಟ್ಟಿಗೆಗೆ ಹಾಕಲಾರರು.

ಮಿಕ್ಕ ಹುಡುಗರ ಜೊತೆ ಗಂಟಲು ಹರಿಯುವಷ್ಟು ಮಾತು, ನಿನ್ನ ಜೊತೆ ಮಾತ್ರ ಮೌನ, ಯಾಕೆ ಎಂದು ನಿನಗೆ ಅನಿಸಿರಬೇಕು. ಕೇಳು. ನನ್ನ ಕಾಲದ ಕೋಚುಗಳು ಒಂದೇ ಅಚ್ಚಿನಲ್ಲಿ ಇಟ್ಟಿಗೆ ಹೊಯ್ಯುವವರು. ಉದ್ದದವನಿರಲಿ, ಗಿಡ್ಡನಿರಲಿ, ಅದೇ ಪಾಠ, ಅದೇ ಬೆತ್ತ. ನೂರು ಜನ ಬಂದರೆ ತೊಂಬತ್ತು ಜನ ಗಾಲ್ಫಿನಿಂದ ಗಾಳಿಪಾಲು. ನಾನೂ ಮೊದಮೊದಲು ಹಾಗೇ ಇದ್ದೆ. ಜನರಲ್ ಕೋಚು, ರೈಲಿನದು: ಯಾರು ಹತ್ತಿದರೂ ಅದೇ ಹಲಗೆ, ಅದೇ ನೂಕಾಟ. ಆಮೇಲೆ ಬುದ್ಧಿ ಬಂದು ರಿಸರ್ವೇಷನ್ ಕೋಚಾದೆ. ಒಬ್ಬೊಬ್ಬರಿಗೆ ಅವರವರ ಬರ್ತು.

ಪ್ರತಿ ಮನುಷ್ಯನಿಗೂ ಪಾಠ ಒಳಗೆ ಹೋಗಲು ಒಂದೇ ಒಂದು ಬಾಗಿಲಿರುತ್ತದೆ. ಸಮ್ರಾಟ್‌ಗೆ ಕಿವಿ. ತಬಲಾ ಕಲಿತವನು, 'ಧಾ' ಎಂದರೆ ಕೋಲು ಎತ್ತುತ್ತಾನೆ, 'ತಿನ್' ಎಂದರೆ ಇಳಿಸುತ್ತಾನೆ. ಕೌಲ್ ಬಜಾರಿನ ಮಾರೇಶ ಮೆಕ್ಯಾನಿಕ್ಕಿನ ಮಗ. ಸೊಂಟವನ್ನು ಗೇಟಿನ ಕೀಲು ಎಂದು ವಿವರಿಸಿ, ಕೈಹಿಡಿದು ತಿರುಗಿಸಬೇಕು. ಅಕ್ಷಿತಾಗೆ ಏನೂ ಬೇಡ, "ನಿನ್ನ ಕೈಲಿ ಆಗಲ್ಲ ಬಿಡಮ್ಮ" ಎಂದರೆ ಸಾಕು, ಸಿಟ್ಟಿನಲ್ಲಿ ಇನ್ನೂರು ಗಜ ಹೊಡೆಯುತ್ತಾಳೆ.

ನಿನ್ನದು ಕಣ್ಣು. ನಿನ್ನ ಅಪ್ಪ ಕಾಡಸಿದ್ದಪ್ಪ ನಮ್ಮ ಕ್ಲಬ್ಬಿನಲ್ಲಿ ಮಾಲಿಯಾಗಿದ್ದಾಗ ನೀನು ಆರು ವರ್ಷದ ಕೂಸು. ಬೇವಿನ ಮರದ ಕೆಳಗೆ ಕುಳಿತು ಇಡೀ ಬೇಸಿಗೆ ನನ್ನನ್ನು ನೋಡಿದೆ. ಒಂದು ದಿನ ಎದ್ದು ಮುರಿದ ಕೋಲೊಂದನ್ನು ಬೀಸಿದೆ. ಅದು ನನ್ನದೇ ಬೀಸು! ಗಿಡ್ಡ ಭೀಮರಾಜನೊಬ್ಬ ಲಂಗ ಹಾಕಿಕೊಂಡು ನಿಂತ ಹಾಗಿತ್ತು. ಅವತ್ತೇ ತಿಳಿಯಿತು, ಇವಳಿಗೆ ಮಾತು ಹೇಳಿದರೆ ಕೆಡುತ್ತಾಳೆ, ಸುಮ್ಮನೆ ತೋರಿಸಬೇಕು. ಮೀನಿಗೆ ರೆಪ್ಪೆ ಇರುವುದಿಲ್ಲ. ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ.

ಜನವರಿಯಲ್ಲಿ ಬೆಂಗಳೂರಿನಲ್ಲಿ ಜೂನಿಯರ್ ಆಯ್ಕೆ. ಮೊದಲ ಆರು ಹುಡುಗಿಯರಿಗೆ ಕ್ರೀಡಾ ಕೋಟಾದಲ್ಲಿ ಡಿಗ್ರಿ ಸೀಟು, ಹಾಸ್ಟೆಲು, ಊಟ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರನ್ನೂ ಆ ಆರರೊಳಗೆ ಕಳಿಸಿಲ್ಲ. ಕಳಿಸಿದರೆ ನಿನ್ನನ್ನೇ. ಹದಿನೈದು ದಿನಕ್ಕೊಮ್ಮೆ ಬರಿ.

ಜೈ ಭೀಮ್ (ನನಗೆ ನಾನೇ ಹೇಳಿಕೊಂಡದ್ದಲ್ಲ),
ನಿನ್ನ ಕೋಚ್
ಭೀಮರಾಜ

*

ಬಾಲಕಿಯರ ಹಾಸ್ಟೆಲ್, ಸಿರುಗುಪ್ಪ
8 ಜುಲೈ 2024

ಭೀಮರಾಜ ಸರ್ ಅವರಿಗೆ ಮೀನಾಕ್ಷಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ವಾರ್ಡನ್ ಒಡೆದು ಓದಿ, "ಯಾರೇ ಈ ಭೀಮರಾಜ? ಕಣ್ಣು, ಬಾಗಿಲು ಅಂತೆಲ್ಲ ಬರದಾನ" ಎಂದು ಕೇಳಿದರು. ಕೋಚ್ ಎಂದೆ. "ಕೋಚಿಂಗ್ ಕ್ಲಾಸಾ? ಸೈನ್ಸಾ, ಮ್ಯಾಥ್ಸಾ?" ಎಂದರು. ಗಾಲ್ಫ್ ಎಂದಾಗ ಏನೂ ಕೇಳದೆ ಕೊಟ್ಟುಬಿಟ್ಟರು.

ನೀವು ಹೇಳಿದ ಕಣ್ಣಿನ ವಿಷಯ ನಿಜ ಸರ್. ಹೋದ ತಿಂಗಳು ರೂಮಿನವರನ್ನು ನಗಿಸಲು ವಾರ್ಡನ್ ನಡೆಯುವ ಹಾಗೆ ನಡೆದು ತೋರಿಸಿದೆ. ಎಲ್ಲರೂ ನಕ್ಕು ಮಲಗಿದರು. ನನಗೆ ಮಾತ್ರ ಮೂರು ದಿನ ಆ ನಡಿಗೆ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನೋಡಿ, "ಕಾಲಿಗೆ ಏನ್ ಚುಚ್ಚೇತಬೇ?" ಎಂದ.

ನಮ್ಮೂರು ಸಿರಿಗೇರಿಗೆ ಹೋಗಿದ್ದಾಗ ಮನೆಯ ಹಿಂದಿನ ಬಯಲಿನಲ್ಲಿ ಅಭ್ಯಾಸ ಮಾಡಿದೆ. ಅವ್ವ ನೋಡುತ್ತ ನಿಂತಿದ್ದಳು. "ಅಲ್ಲಬೇ, ಚೆಂಡು ಅಷ್ಟು ದೂರ ಒಗೆಯಾಕಿನೂ ನೀನ, ಹುಡುಕ್ಯಾಡಾಕ ಹೋಗಾಕಿನೂ ನೀನ. ಇದ್ಯಾವ ಸೀಮಿ ಆಟ?" ಎಂದಳು. ಪಕ್ಕದ ಮನೆಯ ದುರ್ಗಾದೇವಿ ಅತ್ತೆ ಅವ್ವನಿಗೆ, "ಬಿಡಬೇ ದುರುಗಮ್ಮ, ಹಾವು ಹೊಡಿಯಾಕ ಕಲ್ತ್ಕೊಳ್ಳಿ" ಎಂದರು.

ಒಂದು ವಿಷಯ ಕೇಳಬೇಕಿತ್ತು. ಕೋಲು ಮೇಲೆ ಹೋದಾಗ ಅಲ್ಲೊಂದು ಕ್ಷಣ ನಿಲ್ಲುತ್ತಿದೆ. ನಾನು ನಿಲ್ಲಿಸುತ್ತಿಲ್ಲ. ಅದೇ ನಿಲ್ಲುತ್ತದೆ. ಚೆಂಡು ಬಲಕ್ಕೆ ಓಡಿ ಜಾಲಿ ಪೊದೆ ಸೇರುತ್ತದೆ. ಭಾನುವಾರ ನೀವು ಅದನ್ನು ನೋಡಿ ಹುಬ್ಬು ಗಂಟಿಕ್ಕಿದಿರಿ. ಸರಿ ಹೇಗೆ ಮಾಡಬೇಕೆಂದು ತೋರಿಸಿ.

ನಿಮ್ಮ ಶಿಷ್ಯೆ
ಮೀನಾಕ್ಷಿ

*

ಪಾರ್ವತಿನಗರ
12 ಆಗಸ್ಟ್ 2024

ಚಿ. ಮೀನಾಕ್ಷಿಗೆ,

ಆ ನಿಲುಗಡೆ ಇನ್ನೂ ಹೋಗಿಲ್ಲ. ಹೋಗುವುದಿರಲಿ, ನಿನ್ನ ಕೋಲು ಈಗ ಸಿರುಗುಪ್ಪ ಬಸ್ಸಿನ ಹಾಗೆ ಆಗಿದೆ, ಕೈ ತೋರಿಸದಿದ್ದರೂ ನಿಲ್ಲುತ್ತದೆ. ಮೇಲೆ ಯಾರನ್ನು ಹತ್ತಿಸಿಕೊಳ್ಳುತ್ತಿದ್ದೀಯ?

ಹತ್ತು ವರ್ಷ ಈ ಬೀಸನ್ನು ನೋಡಿದವಳು ನೀನು. ಬಾವಿಯಿಂದ ಕೊಡ ಎಳೆದ ಹಾಗೆ ಕೋಲು ಹೋಗಬೇಕು, ಬರಬೇಕು. ನಡುವೆ ವಿಶ್ರಾಂತಿ ಇಲ್ಲ. ನಾನು ನಿಲ್ಲುತ್ತೇನೆಯೇ? ನಿನ್ನ ಗಮನ ಎಲ್ಲೋ ಬೇರೆ ಕಡೆ ಇದೆ. ಪಿಯುಸಿಯ ಓದೋ, ಹಾಸ್ಟೆಲಿನ ಹರಟೆಯೋ, ಕೇಳುವುದಿಲ್ಲ. ಕಣ್ಣು ನನ್ನ ಮೇಲಿದ್ದರೆ ಸಾಕು.

ಮದ್ದು ನನಗೆ ಗೊತ್ತು. ಈ ಭಾನುವಾರದಿಂದ ಎರಡು ತಾಸಲ್ಲ, ನಾಲ್ಕು. ನೀನು ಹೊಡೆಯುವುದೇ ಬೇಡ. ನಾನು ಬೀಸುತ್ತೇನೆ, ನೀನು ನೋಡು. ಇನ್ನೂರು ಬೀಸು ನೋಡಿದ ಮೇಲೆ ಒಂದು ಹೊಡಿ. ಮಾರೇಶ ಬಂದು ತಲೆ ತಿಂದರೂ ಮಾತಾಡಬೇಡ. ಅವನ ಮಾತು ಕೇಳಿದರೆ ಸೊಂಟಕ್ಕೂ ಗ್ರೀಸು ಹಚ್ಚಬೇಕಾದೀತು.

ಬೆಂಗಳೂರಿನ ಅರ್ಜಿ ತುಂಬಿ ಕಳಿಸಿದ್ದೇನೆ. 'ಕೋಚ್ ಹೆಸರು' ಎಂಬಲ್ಲಿ ನನ್ನ ಹೆಸರು ಬರೆಯುವಾಗ, ಐವತ್ತೆಂಟು ವರ್ಷದ ಗಂಡಸು ನಾಚಿಕೊಂಡೆ ಎಂದು ಜ್ಯೋತಿಲಕ್ಷ್ಮಿ ಹೇಳುತ್ತಾಳೆ. ಪೆನ್ನಿನ ಶಾಯಿ ಸಣ್ಣಗೆ ಬರುತ್ತಿತ್ತು, ಅಷ್ಟೇ.

ಭೀಮರಾಜ

*

ಸಿರುಗುಪ್ಪ
23 ಸೆಪ್ಟೆಂಬರ್ 2024

ಸರ್ ಅವರಿಗೆ ನಮಸ್ಕಾರಗಳು.

ಈ ಕಾಗದವನ್ನು ಮೂರು ಸಲ ಬರೆದೆ. ಇದು ನಾಲ್ಕನೆಯದು. ಸಿಟ್ಟಾಗಬೇಡಿ.

ಐದು ಭಾನುವಾರ ನೀವು ಹೇಳಿದ ಹಾಗೆ ನೋಡಿದೆ. ನೋಡಿದಷ್ಟೂ ಕೆಡುತ್ತಿದೆ. ಮೊದಲು ಕೋಲು ಮಾತ್ರ ನಿಲ್ಲುತ್ತಿತ್ತು. ಈಗ ಬಲಗಾಲೂ ಎಳೆಯುತ್ತಿದೆ. ನಡೆಯುವಾಗ ಬಲಗೈ ಬೀಸುವುದಿಲ್ಲ, ಮೈಗೆ ಅಂಟಿಕೊಂಡಿರುತ್ತದೆ ಎಂದು ರೂಮಿನವರು ಹೇಳಿದರು.

ಹೋದ ವಾರ ಬಸ್ಸಿಗೆ ಹೊತ್ತಿತ್ತು. ಮಾರೇಶ ಒಗ್ಗರಣಿ ಮಿರ್ಚಿ ತಿನ್ನಿಸುತ್ತೇನೆಂದು ಅವರ ಗ್ಯಾರೇಜಿಗೆ ಕರೆದುಕೊಂಡು ಹೋದ. ತಿನ್ನಿಸಿದ. ಆಮೇಲೆ ಫೋನು ತೆಗೆದ. ನಿಮಗೆ ಗೊತ್ತಾಗದ ಹಾಗೆ ನಮ್ಮಿಬ್ಬರ ಬೀಸನ್ನೂ ಹಿಡಿದಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ನಿಧಾನಕ್ಕೆ ಓಡಿಸಿದ. ಹತ್ತು ಸಲ ಓಡಿಸಿದ.

"ಲೇ ಮೀನಾ, ಇದು ನಿನ್ನ ಗಾಡಿ ರಿಪೇರಿ ಅಲ್ಲಬೇ. ಸರ್ ಗಾಡ್ಯಾಗ ಐತಿ" ಎಂದ.

ನಾನು ಅವನನ್ನು ಬೈದೆ. ಆದರೆ ನೋಡಿದ್ದನ್ನು ನೋಡಿಲ್ಲ ಎಂದು ಹೇಗೆ ಹೇಳಲಿ? ನಿಮ್ಮ ಕೋಲು ಮೇಲೆ ನಿಲ್ಲುತ್ತದೆ ಸರ್. ನಿಮ್ಮ ಬಲಗಾಲು ಎಳೆಯುತ್ತದೆ. ನಾನು ಹೊಸದೇನೂ ಸೇರಿಸಿಲ್ಲ.

ಇನ್ನೊಂದು. ನಿಮ್ಮ ಜೂನ್ ತಿಂಗಳ ಕಾಗದ ನಾಲ್ಕು ಪುಟ ಇತ್ತು. ಆಗಸ್ಟಿನದು ಅರ್ಧ ಪುಟದಲ್ಲಿ ಮುಗಿದಿದೆ. ಮಾತು ಕಡಿಮೆಯಾದದ್ದು ಸ್ವಲ್ಪ, ಅಕ್ಷರ ಸಣ್ಣಗಾದದ್ದು ಬಹಳ. ಕೊನೆಯ ಸಾಲುಗಳು ಇರುವೆ ಸಾಲಿನ ಹಾಗಿವೆ. ವಾರ್ಡನ್ ಈಗ ಓದುವುದನ್ನೇ ಬಿಟ್ಟಿದ್ದಾರೆ, ಕಣ್ಣು ನೋಯುತ್ತದಂತೆ. ಪೆನ್ನು ಬದಲಿಸಿ ನೋಡಿ ಸರ್. ಬದಲಿಸಿಯೂ ಹಾಗೇ ಬಂದರೆ ಯಾರಿಗಾದರೂ ತೋರಿಸಿ.

ತಪ್ಪಿದ್ದರೆ ಕ್ಷಮಿಸಿ.
ಮೀನಾಕ್ಷಿ

*

ಪಾರ್ವತಿನಗರ
30 ಸೆಪ್ಟೆಂಬರ್ 2024

ಮೀನಾಕ್ಷಿಗೆ,

ಕಾಗದ ತಲುಪಿತು.

ಆಡಲಾರದವಳು ನೆಲ ಡೊಂಕು ಎಂದಳಂತೆ. ನೀನು ನೆಲವನ್ನೂ ಬಿಟ್ಟು ಗುರುವೇ ಡೊಂಕು ಎಂದಿದ್ದೀಯ. ಇಪ್ಪತ್ತಾರು ವರ್ಷದಲ್ಲಿ ನನಗೆ ಪಾಠ ಹೇಳಿದ ಮೊದಲ ಶಿಷ್ಯೆ ನೀನು, ಅದೂ ಗ್ಯಾರೇಜಿನಲ್ಲಿ ಕುಳಿತು, ಮಿರ್ಚಿ ತಿನ್ನುತ್ತ.

ಮುಂದಿನ ಭಾನುವಾರ ಬರುವುದು ಬೇಡ. ಅದರ ಮುಂದಿನದೂ ಬೇಡ.

ಭೀಮರಾಜ

*

ಪಾರ್ವತಿನಗರ
18 ನವೆಂಬರ್ 2024

ಚಿ. ಮೀನಾಕ್ಷಿಗೆ,

ಏಳು ವಾರ ಆಯಿತು. ನೀನು ಬರೆಯಲಿಲ್ಲ. ನಾನು ಬರೆಯುವ ಯೋಗ್ಯತೆ ಇಟ್ಟುಕೊಂಡಿರಲಿಲ್ಲ.

ನಿನ್ನ ಕಾಗದವನ್ನು ನಾನು ಸಿಟ್ಟಿನಲ್ಲಿ ಟೀವಿಯ ಮೇಲೆ ಎಸೆದಿದ್ದೆ. ಜ್ಯೋತಿಲಕ್ಷ್ಮಿ ಧೂಳು ಒರೆಸುವಾಗ ಓದಿದಳು. ಮರುದಿನ ದಿನಸಿ ಚೀಟಿ ಬರೆಯಲು ನನ್ನ ಕೈಗೆ ಪೆನ್ನು ಕೊಟ್ಟಳು. ತೊಗರಿಬೇಳೆಯಿಂದ ಶುರುವಾದ ಚೀಟಿ ಸಾಸಿವೆಗೆ ಬರುವಷ್ಟರಲ್ಲಿ ಅಕ್ಷರವೂ ಸಾಸಿವೆಯಾಗಿತ್ತು. "ಏಳ್ರಿ, ದವಾಖಾನಿಗೆ ಹೋಗೋಣ" ಎಂದಳು.

ನರದ ಡಾಕ್ಟರು ಚಿಕ್ಕ ವಯಸ್ಸಿನವರು. ನಡೆಯಿರಿ ಎಂದರು, ನಡೆದೆ. ಬೆರಳು ಬಡಿಯಿರಿ ಎಂದರು, ಬಡಿದೆ. 'ನನ್ನ ಹೆಸರು ಭೀಮರಾಜ' ಎಂದು ಹತ್ತು ಸಲ ಬರೆಯಿರಿ ಎಂದರು. ಹತ್ತನೆಯ ಸಾಲಿಗೆ ಭೀಮ ಹೋಗಿ ವಾಮನ ಬಂದಿದ್ದ. ಪಾರ್ಕಿನ್ಸನ್ ಎಂದರು. ಪಾರ್ಕಿನಂಥ ಬಯಲಿನಲ್ಲಿ ನಲವತ್ತು ವರ್ಷ ಕಳೆದವನಿಗೆ ಬೇರೆ ಯಾವ ರೋಗ ಬಂದೀತು ಎಂದೆ. ಅವರು ನಗಲಿಲ್ಲ. ಜ್ಯೋತಿಲಕ್ಷ್ಮಿಯೂ ನಗಲಿಲ್ಲ. ನಾನೊಬ್ಬನೇ ನಕ್ಕೆ. ಮುಖದ ಸ್ನಾಯು ಬಿಗಿಯಾಗಿರುವುದರಿಂದ ಅದೂ ನಗುವಿನ ಹಾಗೆ ಕಾಣಲಿಲ್ಲವಂತೆ.

"ಯಾರು ಗುರುತಿಸಿದ್ದು? ಮನೆಯವರಿಗೆ ಇಷ್ಟು ಬೇಗ ಗೊತ್ತಾಗೋದಿಲ್ಲ" ಎಂದರು ಡಾಕ್ಟರು. ನನ್ನ ಶಿಷ್ಯೆ ಎಂದೆ. ಎಷ್ಟು ದಿನದಿಂದ ಇದ್ದೀತು ಎಂದು ಕೇಳಿದೆ. ಎರಡು ವರ್ಷ ಇರಬಹುದು ಎಂದರು.

ಎರಡು ವರ್ಷ, ಮೀನಾಕ್ಷಿ. ಪ್ರತಿ ಭಾನುವಾರ. ಕೊನೆಯ ಐದು ವಾರ ನಾಲ್ಕು ನಾಲ್ಕು ತಾಸು. ಮಾತಾಡಬೇಡ ಎಂಬ ನಿಯಮ ಬೇರೆ ನಾನೇ ಮಾಡಿದ್ದು, ಯಾರೂ ನನಗೆ ಏನೂ ಹೇಳದ ಹಾಗೆ. ಜೆರಾಕ್ಸ್ ಕೆಟ್ಟರೆ ನಾವು ಮಷಿನ್ನಿಗೆ ಒದೆಯುತ್ತೇವೆ. ಮುಚ್ಚಳ ಎತ್ತಿ ಒಳಗಿಟ್ಟ ಕಾಗದ ನೋಡುವುದಿಲ್ಲ.

ಬರಬೇಡ ಎಂದು ಬರೆದ ನನ್ನ ಸೆಪ್ಟೆಂಬರಿನ ಕಾಗದದ ಬಗ್ಗೆ ಹೇಳಬೇಕಾದದ್ದು ಇದೆ. ಅದು ಇನ್ನೂ ಬಾಯಿಗೆ ಬಂದಿಲ್ಲ.

ಜನವರಿಗೆ ಎಂಟು ವಾರ ಇದೆ. ಬಾಗಿಲು ಬದಲಿಸೋಣ. ಭಾನುವಾರ ಬಾ. ನಾನು ಬೆನ್ನು ತಿರುಗಿಸಿ ಕುರ್ಚಿಯಲ್ಲಿ ಕುಳಿತಿರುತ್ತೇನೆ. ನನ್ನನ್ನು ನೋಡಬೇಡ. ಕಿವಿಯಿಂದ ಕಲಿ.

ಭೀಮರಾಜ

*

ಸಿರುಗುಪ್ಪ
23 ಡಿಸೆಂಬರ್ 2024

ಸರ್ ಅವರಿಗೆ ನಮಸ್ಕಾರಗಳು.

ಎದುರಿಗಿದ್ದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಆಗುತ್ತಿಲ್ಲ ಸರ್.

ಸಮ್ರಾಟ್‌ನ 'ಧಾ, ತಿನ್' ನನಗೆ ಕೇಳಿಸುತ್ತದೆ, ಕೈಗೆ ತಲುಪುವುದಿಲ್ಲ. ಮಾರೇಶ ನನ್ನ ಸೊಂಟಕ್ಕೆ ಟ್ಯೂಬು ಕಟ್ಟಿ ಎಳೆದ. ಎಳೆದಾಗ ತಿರುಗುತ್ತೇನೆ, ಬಿಟ್ಟರೆ ಮತ್ತೆ ಅದೇ. ಮೊಬೈಲಿನಲ್ಲಿ ದೊಡ್ಡದೊಡ್ಡ ಆಟಗಾರರನ್ನು ತೋರಿಸಿದಿರಿ. ಅವರು ಗಾಜಿನ ಆಚೆ ಇದ್ದಾರೆ, ಈಚೆಗೆ ಬರುವುದಿಲ್ಲ. ಅಕ್ಷಿತಾಳನ್ನು ನೋಡು ಎಂದಿರಿ. ನೋಡಿದೆ. ಕೋಲು ಏಳುವವರೆಗೆ ಅಕ್ಷಿತಾ, ಮೇಲೆ ನೀವು, ಇಳಿಯುವಾಗ ಯಾರೂ ಅಲ್ಲ.

ನೀವು "ಸಡಿಲ ಬಿಡು, ನಿಲ್ಲಿಸಬೇಡ, ಹೋಗಲಿ, ಹೋಗಲಿ" ಎಂದು ಬೆನ್ನು ತಿರುಗಿಸಿ ಕೂಗುತ್ತಿದ್ದಿರಿ. ಹೋದ ವಾರ ನಿಮ್ಮ ದನಿ ನಡುವೆ ಸಣ್ಣಗಾಗಿ ಕೇಳಿಸದೇ ಹೋಯಿತು. ಏನಾಯಿತೋ ಎಂದು ನಾನು ತಿರುಗಿ ನೋಡಿದೆ. ನೋಡಬಾರದಿತ್ತು. ಕುರ್ಚಿಯ ಕೈ ಮೇಲೆ ನಿಮ್ಮ ಬಲಗೈಯ ಹೆಬ್ಬೆರಳು ಬೀಡಿ ಎಲೆ ಸುತ್ತುವ ಹಾಗೆ ತಿರುಗುತ್ತಿತ್ತು.

ಊರಿಗೆ ಹೋಗುವ ಬಸ್ಸಿನಲ್ಲಿ ಅವ್ವ ಪಕ್ಕದಲ್ಲಿ ಕುಳಿತಿದ್ದಳು. ಸಿರಿಗೇರಿ ಕ್ರಾಸ್ ಹತ್ತಿರ ನನ್ನ ಕೈಯನ್ನು ಫಟ್ಟನೆ ಹೊಡೆದಳು. "ಏನಬೇ ಅದು, ಬೆಳ್ಳು ಹೊಸಿಯಾಕತ್ತಿ?" ಎಂದಳು. ಕೆಳಗೆ ನೋಡಿದೆ. ನನ್ನ ಹೆಬ್ಬೆರಳು.

ಸ್ವಲ್ಪ ಹೊತ್ತಿಗೆ ನಿಂತಿತು ಸರ್. ನನಗೇನೂ ರೋಗವಿಲ್ಲ. ಚಿಂತೆ ಮಾಡಬೇಡಿ. ಆದರೆ ಮುಂದಿನ ಎರಡು ಭಾನುವಾರ ನಾನು ಬಾರದೆ ಸಿರಿಗೇರಿಯಲ್ಲೇ ಅಭ್ಯಾಸ ಮಾಡುತ್ತೇನೆ. ಅಪ್ಪ ಚೆಂಡು ಹುಡುಕಿಕೊಡುತ್ತೇನೆ ಎಂದಿದ್ದಾನೆ.

ಔಷಧ ತಪ್ಪಿಸಬೇಡಿ.
ಮೀನಾಕ್ಷಿ

*

ಸಿರಿಗೇರಿ
20 ಜನವರಿ 2025

ಸರ್ ಅವರಿಗೆ ನಮಸ್ಕಾರಗಳು.

ಫಲಿತಾಂಶ ಮಾರೇಶ ಹೇಳಿರುತ್ತಾನೆ. ಹೇಗಾಯಿತು ಎಂಬುದನ್ನು ನಾನೇ ಹೇಳಬೇಕು.

ಮೊದಲ ದಿನ ಬೆಂಗಳೂರಿನ ಮೈದಾನದ ನೆಲ ನೋಡಿ ನಾನೂ ಅಪ್ಪನೂ ಬಾಯಿ ಬಿಟ್ಟುಕೊಂಡು ನಿಂತೆವು. ನಮ್ಮ ಕ್ಲಬ್ಬಿನಲ್ಲಿ ಚೆಂಡು ಬೀಳಿಸುವ ಕುಳಿಯ ಸುತ್ತ ಮರಳಿಗೆ ಹಳೆ ಎಂಜಿನ್ ಆಯಿಲ್ ಸುರಿದು, ಅದನ್ನೇ ಗ್ರೀನ್ ಎಂದು ಕರೆಯುತ್ತೇವೆ. ಅಲ್ಲಿ ಅದು ನಿಜವಾಗಿಯೂ ಹಸಿರಾಗಿತ್ತು. ಅಪ್ಪ ಚಪ್ಪಲಿ ಬಿಟ್ಟು ಬಗ್ಗಿ ಮುಟ್ಟಿ ನೋಡಿದ. "ಇದನ್ನ ಕತ್ತರಿಸಿದಾತ ಮನಷ್ಯಾ ಅಲ್ಲಬೇ, ಕ್ಷೌರಿಕ" ಎಂದ. ಕಾವಲಿನವನು ಬಂದು ಎಬ್ಬಿಸಿದ.

ಮೊದಲ ದಿನ ನಾನು ಐದನೆಯವಳು. ಹೇಗೋ ಬಚಾವಾದೆ. ಎರಡನೆಯ ದಿನವೂ ಹದಿಮೂರನೆಯ ಕುಳಿಯವರೆಗೆ ಆರರೊಳಗೇ ಇದ್ದೆ. ಹದಿನಾಲ್ಕರಲ್ಲಿ ಕೋಲು ಎತ್ತಿದೆ. ಅದು ಇಳಿಯಲಿಲ್ಲ. ನಾನು ಬಲವಂತ ಮಾಡಿದೆ. ಮೈ ಮುಂದೆ ಹೋಯಿತು, ಕೋಲು ಹಿಂದೆ ಉಳಿಯಿತು. ಚೆಂಡು ಬೇಲಿಯ ಆಚೆ. ಮತ್ತೊಂದು, ಅದೂ ಆಚೆ. ಮತ್ತೊಂದು. ಈ ಆಟದಲ್ಲಿ ಕಡಿಮೆ ಹೊಡೆದವರೇ ಗೆಲ್ಲುವುದು. ನಾನು ಆ ಒಂದು ಕುಳಿಗೆ ಹನ್ನೊಂದು ಹೊಡೆದೆ. ಒಂಬತ್ತನೆಯವಳಾದೆ.

ಮುಗಿದ ಮೇಲೆ ಆಯ್ಕೆ ಸಮಿತಿಯ ಹಿರಿಯರೊಬ್ಬರು ಕರೆದು ಕುರ್ಚಿ ಕೊಟ್ಟರು. "ಯಾರಮ್ಮ ನಿನಗೆ ಕಲಿಸಿದ್ದು? ಇಷ್ಟು ಚೆನ್ನಾಗಿ ಹೆಣೆದು ಮೇಲೆ ಒಂದು ಗಂಟು ಯಾಕೆ ಹಾಕಿದ್ದಾರೆ?" ಎಂದು ಕೇಳಿದರು.

"ಗಂಟು ನಾನೇ ಹಾಕ್ಕೊಂಡಿದ್ದು ಸರ್" ಎಂದೆ.

"ನೀನೇ ಹಾಕ್ಕೊಂಡಿದ್ರೆ ನೀನೇ ಬಿಚ್ಕೋತೀಯ ಬಿಡು. ಮುಂದಿನ ವರ್ಷ ಬಾ" ಎಂದರು.

ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತದೆ ಎಂದು ಹೇಳಲಿಲ್ಲ. ರೈಲಿನಲ್ಲಿ ಅಪ್ಪ ಬಳ್ಳಾರಿಯವರೆಗೂ ಹುಲ್ಲಿನ ವಿಷಯವನ್ನೇ ಮಾತಾಡಿದ.

ಮೀನಾಕ್ಷಿ

*

ಪಾರ್ವತಿನಗರ
12 ಮೇ 2025

ಚಿ. ಮೀನಾಕ್ಷಿಗೆ,

ಹೆದರಬೇಡ, ಇಷ್ಟು ದುಂಡಗಿನ ಅಕ್ಷರ ನನ್ನದಲ್ಲ, ಜ್ಯೋತಿಲಕ್ಷ್ಮಿಯದು. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಕಾಗುಣಿತ ತಪ್ಪಿದ್ದರೆ ಅವಳದು, ಬಾಳು ತಪ್ಪಿದ್ದರೆ ನನ್ನದು. (ಹೀಗೆ ಬರೆಯುವುದಿಲ್ಲ ಎಂದಳು. ಬರೆಯಲೇಬೇಕು ಎಂದೆ.)

ಜನವರಿಯ ನಿನ್ನ ಕಾಗದಕ್ಕೆ ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಆ ಹಿರಿಯರಿಗೆ ನೀನು ಕೊಟ್ಟ ಉತ್ತರವನ್ನು ಓದಿದ ಮೇಲೆ ಏನು ಬರೆಯುವುದು? ನನ್ನ ಹೆಸರು ಹೇಳಿಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ನೀನು ಅಷ್ಟೂ ಉಪಕಾರ ಮಾಡಲಿಲ್ಲ.

ಇಲ್ಲಿಯ ಸುದ್ದಿ. ಗಣಿ ದುಡ್ಡಿನಲ್ಲಿ ಬೆಳೆದ ಕ್ಲಬ್ಬು ಗಣಿಯ ಹಾಗೇ ಬರಿದಾಯಿತು. ಕುರುಗೋಡು ರಸ್ತೆಯ ಕಡೆಯ ನಾಲ್ಕು ಕುಳಿಗಳನ್ನು ಮುಚ್ಚಿ ಕಲ್ಯಾಣ ಮಂಟಪಕ್ಕೆ ಕಾರು ನಿಲ್ಲಿಸಲು ಕೊಟ್ಟಿದ್ದಾರೆ. ಸಮ್ರಾಟ್ ತಬಲಾಕ್ಕೆ ಮರಳಿದ. ಅಕ್ಷಿತಾಳನ್ನು ಬೈಯಲು ನನ್ನ ದನಿ ಸಾಲದು. ಮೆಲ್ಲಗೆ ಬೈದರೆ ಅವಳಿಗೆ ಸಿಟ್ಟೇ ಬರುವುದಿಲ್ಲ. ಮಾರೇಶ ಮಾತ್ರ ವಾರಕ್ಕೊಮ್ಮೆ ಬಂದು ನನ್ನ ಕುರ್ಚಿಯ ನಟ್ಟು ಬಿಗಿ ಮಾಡಿ ಹೋಗುತ್ತಾನೆ. ಅವನಿಗೆ ಬಿಗಿ ಮಾಡಲು ಬರುವುದು ಕುರ್ಚಿಯೊಂದೇ.

ಈಗ ಕೇಳಬೇಕಾದದ್ದು ಕೇಳುತ್ತೇನೆ.

ನನಗೆ ಯಾರೂ ಈ ಆಟ ಕಲಿಸಿಲ್ಲ. ಹದಿನಾಲ್ಕು ವರ್ಷದವನಾಗಿ ಸಾಹೇಬರುಗಳ ಕೋಲಿನ ಚೀಲ ಹೊತ್ತೆ. ಕ್ಯಾಡಿ ಹುಡುಗರು ಕೋಲು ಮುಟ್ಟುವ ಹಾಗಿರಲಿಲ್ಲ. ನಮ್ಮ ಕೇರಿಯವರಂತೂ ನೆರಳಲ್ಲಿ ನಿಲ್ಲುವ ಹಾಗೂ ಇರಲಿಲ್ಲ. ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ನೋಡಿದ್ದನ್ನು ಸಂಜೆ ಒನಕೆ ಹಿಡಿದು ಬೀಸಿದೆ. ನನ್ನ ಬಾಗಿಲೂ ಕಣ್ಣೇ, ಮೀನಾಕ್ಷಿ. ನಿನ್ನನ್ನು ಅಷ್ಟು ಬೇಗ ಗುರುತಿಸಿದ್ದು ಅದಕ್ಕೇ.

ಈಗ ನನಗೆ ನನ್ನ ಬೀಸು ಮರೆತುಹೋಗಿದೆ. ಕೋಲು ಹಿಡಿಯುತ್ತೇನೆ, ಕೈಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ಮಾರೇಶನ ಫೋನಿನಲ್ಲಿ ನೋಡಿದೆ. ನೀನು ಹೇಳಿದ ಹಾಗೆ, ಗಾಜಿನ ಆಚೆ ಇದ್ದಾನೆ ಆ ಮನುಷ್ಯ, ಈಚೆಗೆ ಬರುವುದಿಲ್ಲ. ಡಾಕ್ಟರು ಇದನ್ನೆಲ್ಲ ಬಿಡಿ ಎನ್ನುತ್ತಾರೆ. ಆದರೆ ನಾನು ಎರಡು ವರ್ಷದ ಹಿಂದೆ ಹೇಗಿದ್ದೆನೋ ಹಾಗೇ ಇನ್ನೂ ನಿನ್ನ ಮೈಯಲ್ಲಿದ್ದೇನೆ. ನಿಲುಗಡೆ ಇದ್ದರೆ ಇರಲಿ. ನಾನು ಬೈದ ಆ ನಿಲುಗಡೆಯ ಬೀಸು ಈಗ ನನಗೆ ಸಿಕ್ಕರೆ ಹಬ್ಬ.

ಒಂದು ಭಾನುವಾರ ಬಾ. ನನ್ನ ಎದುರು ನಿಂತು ಬೀಸು. ನಾನು ನೋಡುತ್ತೇನೆ. ಮಾತಾಡುವುದಿಲ್ಲ.

ಭೀಮರಾಜ

(ಮೀನಾಕ್ಷಿ, ಇದು ಜ್ಯೋತಿಲಕ್ಷ್ಮಿ ಆಂಟಿ ಬರೆದದ್ದು. ಅವರು ದಿನಾಲೂ ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡು ಗೇಟಿನ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ನಿನಗೆ ಆದರೆ ನೋಡಮ್ಮ.)

*

ಕುರುಗೋಡು
16 ಜೂನ್ 2025

ಸರ್ ಅವರಿಗೆ, ಆಂಟಿಯವರಿಗೆ ಮೀನಾಕ್ಷಿಯ ನಮಸ್ಕಾರಗಳು.

ಕಾಗದ ಸಿರಿಗೇರಿಗೆ ಹೋಗಿ, ಅಪ್ಪನ ಕೈಯಿಂದ ಇಲ್ಲಿಗೆ ಬರಲು ತಡವಾಯಿತು. ಪಿಯುಸಿ ಪಾಸಾದೆ. ಸೀಟು ಎಲ್ಲೂ ಆಗಲಿಲ್ಲ. ಕುರುಗೋಡಿನಲ್ಲಿ ಸತ್ಯಮ್ಮ ಚಿಕ್ಕವ್ವನ ಮನೆಯಲ್ಲಿದ್ದು ಬಟ್ಟೆ ಅಂಗಡಿಗೆ ಹೋಗುತ್ತಿದ್ದೇನೆ. ಮಾಲೀಕರು ಚನ್ನಬಸವರಾಜ ಅವರು ಅರವತ್ತು ದಾಟಿದವರು. ಬಟ್ಟೆ ಅಳೆದು, ಅಂಚಿಗೆ ಕತ್ತರಿ ತಾಗಿಸಿ, ಒಂದೇ ಎಳೆತಕ್ಕೆ ಪರ್ರನೆ ಹರಿಯುತ್ತಾರೆ, ನೂಲಿನಷ್ಟೂ ಡೊಂಕಾಗುವುದಿಲ್ಲ. ಆ ಕೈ ಬರಲು ಬೇರೆ ಹುಡುಗಿಯರಿಗೆ ವರ್ಷ ಬೇಕಾಯಿತಂತೆ. ನನಗೆ ಹತ್ತು ದಿನ. "ಏಯ್, ಯಾರ ಹತ್ರ ಕಲ್ತೆವ್ವ?" ಎಂದು ಕೇಳಿದರು. ನಿಮ್ಮನ್ನು ನೋಡಿ ಎಂದೆ. ಖುಷಿಯಾದರು.

ಇಲ್ಲಿಗೆ ಬಂದ ವಾರ ಒಂದು ಬೆಳಿಗ್ಗೆ ಚಿಕ್ಕವ್ವನ ಹಿತ್ತಲಿನಲ್ಲಿ ಕೋಲು ಹಿಡಿದು ನೋಡಿದೆ. ಎತ್ತಿದೆ. ಮೇಲೆ ಎಷ್ಟು ಹೊತ್ತು ನಿಂತಿತೆಂದರೆ, ಚಿಕ್ಕವ್ವನ ಅತ್ತೆ ಎರ್ರಿ ಅಜ್ಜಿ, ತೊಂಬತ್ತು ವರ್ಷದವಳು, "ಏನೇ ಅದು, ಕಾಯಿ ಉದುರಿಸ್ತಿಯಾ, ಇಲ್ಲಾ ಕಾಯಿ ಹಣ್ಣಾಗಲಿ ಅಂತ ಕಾಯ್ತಿಯಾ?" ಎಂದಳು. ನಗು ಬಂತು. ಕೋಲನ್ನು ಅಟ್ಟಕ್ಕೆ ಹಾಕಿದೆ. ಆಮೇಲೆ ಮುಟ್ಟಿಲ್ಲ.

ಸರ್, ನಾನು ಬರುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಸೆಪ್ಟೆಂಬರಿನಲ್ಲಿ ಬರುವುದು ಬೇಡ ಎಂದಿರಲ್ಲ, ಅದಕ್ಕೂ ಸಿಟ್ಟಿಲ್ಲ. ನೀವು ಹೇಳಿದ ಹಾಗೆ ನಿಮ್ಮ ಬೀಸು ನನ್ನಲ್ಲಿ ಇರಬಹುದು. ನಿಮಗೆ ಅದನ್ನು ತೋರಿಸಲು ನಾನು ನಿಮ್ಮ ಎದುರು ನಿಲ್ಲಬೇಕು. ಎದುರು ನಿಂತರೆ ನೀವು ನನ್ನನ್ನು ನೋಡುವಷ್ಟು ಹೊತ್ತೂ ನಾನೂ ನಿಮ್ಮನ್ನು ನೋಡುತ್ತೇನೆ, ನೋಡಿದ್ದು ಕೈಗೆ ಇಳಿಯುತ್ತದೆ. ಇಲ್ಲಿ ಕತ್ತರಿ ಹಿಡಿಯುವ ಕೈ ಇದು. ಈ ಕೈ ದುಡಿದ ಸಂಬಳವೇ ಈಗ ಅಪ್ಪನಿಗೂ ಅವ್ವನಿಗೂ ಹೋಗುತ್ತಿದೆ.

ನಿಮ್ಮನ್ನು ನೋಡಬೇಕು ಎಂದು ಬಹಳ ಅನಿಸುತ್ತದೆ. ಹೋದ ಮಂಗಳವಾರ ಸಂತೆಯ ದಿನ ಬಳ್ಳಾರಿ ಬಸ್ಸು ಹತ್ತಿ ಕುಳಿತೇಬಿಟ್ಟಿದ್ದೆ. ಕಂಡಕ್ಟರ್ ಟಿಕೀಟು ಕೇಳುವ ಮೊದಲೇ ಇಳಿದೆ. ಬೇರೆಯವರು ಹೋಗುತ್ತಾರೆ, ನೋಡುತ್ತಾರೆ, ಹಣ್ಣು ಕೊಟ್ಟು ಬರುತ್ತಾರೆ. ಸುಮ್ಮನೆ ನೋಡಿ ಬರುವುದು ನನಗೆ ಬರುವುದಿಲ್ಲ ಸರ್. ಅದೊಂದನ್ನು ನೀವು ಕಲಿಸಲಿಲ್ಲ.

ಆಂಟಿಯವರಿಗೆ ಹೇಳಿ, ಕುರ್ಚಿಯನ್ನು ಇನ್ನು ಮನೆಯೊಳಗೆ ಹಾಕಲಿ. ಬಿಸಿಲು ಬಹಳ.

ಮೀನಾಕ್ಷಿ